ಮುಗೀತ್ರಿ, ನಾಳಿ ಬರ್ರಿ

ಹುಬ್ಬಳ್ಳಿ-ಧಾರವಾಡದಲ್ಲಿ ಚಲೋ ತಿನ್ನಲಿಕ್ಕೆ ಎಲ್ಲಿ ಸಿಗುತ್ತದೆ ಎಂದು ಹೊರಗಿನಿಂದ ಬಂದವರು ಕೇಳಿದರೆ ನಮ್ಮ ಕಡೆಯವರು ತಟ್ಟನೆ ಅಂಗಡಿಯ ಹೆಸರು ಹೇಳುವುದಿಲ್ಲ. ‘ಎಷ್ಟ ಗಂಟೇಕ್ರಿ?’ ಎಂದು ಮೊದಲು ಕೇಳುತ್ತಾರೆ. ಬಂದವರು ಮುಖ ಮುಖ ನೋಡುತ್ತಾರೆ. ಆದರೆ ಇಲ್ಲಿ ಹುಟ್ಟಿ ಬೆಳೆದವರಿಗೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗುವುದೇ ಆಗುವುದಿಲ್ಲ. ಮುಂಜಾನೆ ಒಂದು ಓಣಿ, ಮಧ್ಯಾಹ್ನ ಒಂದು ಓಣಿ, ಹೊತ್ತು ಮುಳುಗಿದ ಮೇಲೆ ಮತ್ತೊಂದು. ತಿನಿಸಿಗೆ ಹೊತ್ತು ಇದೆ, ಹೊತ್ತಿಗೆ ತಕ್ಕ ಜಾಗ ಇದೆ. ಹೊತ್ತು ತಪ್ಪಿಸಿ ಹೋದರೆ ಅಂಗಡಿಯಾತ ಬಹಳ ಮರ್ಯಾದೆಯಿಂದ ‘ಮುಗೀತ್ರಿ ಅಣ್ಣಾರ, ನಾಳಿ ಬರ್ರಿ’ ಎನ್ನುತ್ತಾನೆ.

ಈ ಊರುಗಳಲ್ಲಿ ನಾನು ಕೇಳುವ ಮಾತುಗಳಲ್ಲಿ ನನಗೆ ಬಹಳ ಪ್ರೀತಿಯದು ಈ ‘ಮುಗೀತ್ರಿ’. ಹಸಿದವನಿಗೆ ಅದು ಬೇಸರದ ಮಾತು, ನಿಜ. ಆದರೆ ಅದರ ಹಿಂದೆ ಒಂದು ಲೆಕ್ಕ ಇದೆ. ಇವತ್ತು ಇಷ್ಟು ಹಾಲು ಬಂತು, ಇಷ್ಟು ಹಿಟ್ಟು ನಾದಿದೆವು, ಇಷ್ಟು ಮೆಣಸಿನಕಾಯಿ ಸೀಳಿದೆವು. ಅದು ತೀರಿದ ಮೇಲೆ ಒಲೆ ಆರಿಸುವುದೇ ಸರಿ, ಉಳಿದದ್ದನ್ನು ನಾಳೆಗೆ ಎತ್ತಿಟ್ಟು ಕೊಡುವುದು ಸರಿಯಲ್ಲ ಎಂದು ನಂಬಿದವರು ಮಾತ್ರ ಆ ಮಾತು ಆಡಬಲ್ಲರು. ಏನು ಕೇಳಿದರೂ ಯಾವ ಹೊತ್ತಿಗೂ ಇದೆ ಎನ್ನುವ, ಹತ್ತು ಪುಟದ ಪಟ್ಟಿ ಕೈಗೆ ಕೊಡುವ ಹೋಟೆಲುಗಳೂ ನಮ್ಮಲ್ಲಿ ಈಗ ಬೇಕಾದಷ್ಟಿವೆ. ಅವುಗಳ ಬಗ್ಗೆ ನನಗೆ ಹೇಳಲಿಕ್ಕೆ ಏನೂ ಇಲ್ಲ.

ಎರಡು ಊರು ಎಂದೆ. ಕಾಗದದ ಮೇಲೆ ಬಹಳ ಕಾಲ ಅದು ಒಂದೇ ಊರಾಗಿತ್ತು. 1962ರಲ್ಲಿ ಎರಡನ್ನೂ ಕೂಡಿಸಿ ಒಂದು ಮಹಾನಗರಪಾಲಿಕೆ ಮಾಡಿದರು. 2018ರಿಂದ ನಡುವಿನ ದಾರಿಯಲ್ಲಿ ತನ್ನದೇ ಪ್ರತ್ಯೇಕ ಪಥದಲ್ಲಿ ‘ಚಿಗರಿ’ ಬಸ್ಸು ಓಡುತ್ತಿದೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರು ಮಾತಾಡುತ್ತ ಕೂತಷ್ಟರಲ್ಲಿ ಮುಗಿಯುತ್ತದೆ. ಅಷ್ಟಾದರೂ ಧಾರವಾಡದವರು ಹುಬ್ಬಳ್ಳಿಗೆ ‘ಹೋಗಿ ಬರುತ್ತಾರೆ’, ಹುಬ್ಬಳ್ಳಿಯವರು ಧಾರವಾಡಕ್ಕೆ ‘ಕೆಲಸ ಇದ್ದರೆ’ ಹೋಗುತ್ತಾರೆ. ಹುಬ್ಬಳ್ಳಿ ಹತ್ತಿ, ರೈಲು, ಗಿರಣಿ, ಸಂತೆಯ ಊರು. ಧಾರವಾಡ ಕಾಲೇಜು, ಕಚೇರಿ, ಕವಿತೆ, ತಂಬೂರಿಯ ಊರು. ತಿನ್ನುವ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇಷ್ಟೇ: ಧಾರವಾಡಕ್ಕೆ ಮುಂಜಾನೆ ಹೋಗಬೇಕು, ಊಟ ಅಲ್ಲೇ ಮುಗಿಸಬೇಕು, ಸಂಜೆಗೆ ಹುಬ್ಬಳ್ಳಿಗೆ ಇಳಿಯಬೇಕು. ಇದನ್ನು ಒಪ್ಪದ ಗೆಳೆಯರು ನನಗೆ ಎರಡೂ ಊರಲ್ಲಿ ಇದ್ದಾರೆ. ಅವರೊಂದಿಗೆ ಈ ವಾದ ಬಹಳ ಕಾಲದಿಂದ ನಡೆದಿದೆ, ಮುಗಿಯುವ ಲಕ್ಷಣವಿಲ್ಲ.

ಮುಂಜಾನೆ ಎಂದ ಮೇಲೆ ಲೈನ್ ಬಜಾರ. ಅಲ್ಲಿಯ ಬಾಬೂಸಿಂಗ್ ಠಾಕೂರರ ಪೇಢೆ ಅಂಗಡಿಯ ಮುಂದೆ ಸರದಿ ನಿಲ್ಲುವುದು ಧಾರವಾಡದ ಹಳೆಯ ರೂಢಿಗಳಲ್ಲಿ ಒಂದು. ಈ ಮನೆತನದವರು ಪ್ಲೇಗಿನ ಹಾವಳಿಯಲ್ಲಿ ಉತ್ತರ ಪ್ರದೇಶದ ಉನ್ನಾವ ಬಿಟ್ಟು ಇಷ್ಟು ದೂರ ಬಂದವರು. ರಾಮರತನ ಸಿಂಗ್ ಠಾಕೂರರು ಹೊಟ್ಟೆಪಾಡಿಗೆಂದು ಪೇಢೆ ಮಾಡಲು ಕೂತರು, ಮೊಮ್ಮಗ ಬಾಬೂಸಿಂಗರ ಹೆಸರಿನಲ್ಲಿ ಅದು ಊರಿಗೇ ಹೆಸರಾಯಿತು. ಬಂದವರು ಬಡಗಣದವರು, ಹಾಲು ಇಲ್ಲಿಯದು. ಧಾರವಾಡದ ಸುತ್ತಿನ ಗವಳಿಗರು ಸಾಕಿದ ಧಾರವಾಡಿ ಎಮ್ಮೆಯ ಗಟ್ಟಿ ಹಾಲು ಇಲ್ಲದಿದ್ದರೆ ಉನ್ನಾವದ ಕೈಗುಣ ಒಂದರಿಂದಲೇ ಈ ಪೇಢೆ ಆಗುತ್ತಿರಲಿಲ್ಲ. ಬೇರೆ ಕಡೆಯ ಎಷ್ಟೋ ಪೇಢೆಗಳು ಬೆಳ್ಳಗೆ, ಮೆತ್ತಗೆ ಇರುತ್ತವೆ. ನಮ್ಮದು ಕಂದು. ಹಾಲನ್ನು ಕಾಯಿಸಿ ಖವಾ ಮಾಡಿ, ಆ ಖವಾವನ್ನು ಸಕ್ಕರೆಯೊಂದಿಗೆ ಮತ್ತೆ ಹುರಿಯುತ್ತಾರೆ. ಹಾಲಿನ ಸಿಹಿ ಸುಟ್ಟ ವಾಸನೆಗೆ ತಿರುಗುವ ತನಕ, ಆದರೆ ಕಹಿಗೆ ಹೋಗುವ ಮುಂಚೆ ಕೈ ನಿಲ್ಲಬೇಕು. ಆಮೇಲೆ ಉಂಡೆ ಕಟ್ಟಿ ಪುಡಿ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಬಾಯಲ್ಲಿಟ್ಟರೆ ಮೊದಲು ಸಕ್ಕರೆ ಕರಕರ, ಅದರೊಳಗೆ ತುಸು ಮರಳು ಮರಳಾದ ಖವಾ, ಕೊನೆಗೆ ನಾಲಿಗೆಯ ಹಿಂದೆ ಉಳಿಯುವ ಆ ಸುಟ್ಟ ಹಾಲಿನ ಘಮ. ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಧಾರವಾಡ ಪೇಢೆಯ ಕ್ರಮಾಂಕ 85. ಸರಕಾರ ಗುರುತಿಸಿದ್ದು ಸಂತೋಷ, ಆದರೆ ಆ ಘಮವನ್ನು ಯಾವ ಕ್ರಮಾಂಕವೂ ಹೇಳಲಾರದು.

ಪೇಢೆಯನ್ನು ತಿನ್ನುವುದಕ್ಕೂ ಒಂದು ಪದ್ಧತಿ ಇದೆ ಎಂದು ನಾನು ನಂಬುತ್ತೇನೆ. ಕೊಂಡ ದಿನವೇ, ಸಾಧ್ಯವಾದರೆ ಕೊಂಡ ಓಣಿಯಲ್ಲೇ, ಪೊಟ್ಟಣ ಬಿಚ್ಚಿ ಒಂದು ತಿನ್ನಬೇಕು. ಉಳಿದದ್ದು ಮನೆಗೆ, ಬೀಗರಿಗೆ, ಬೆಂಗಳೂರಿನ ಮಗಳಿಗೆ. ಫ್ರಿಜ್ಜಿನಲ್ಲಿ ಇಡಬಾರದು. ಇಟ್ಟರೆ ಹೊರಗಿನ ಸಕ್ಕರೆ ಒದ್ದೆಯಾಗುತ್ತದೆ, ಒಳಗಿನ ಖವಾ ಬಿಗಿಯುತ್ತದೆ, ಪೇಢೆಯ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಪರಊರಿಗೆ ಹೊರಟವರ ಕೈಯಲ್ಲಿ ಪೇಢೆಯ ಡಬ್ಬಿ ಇರಲೇಬೇಕು. ಮಗ ಪಾಸಾದರೂ ಪೇಢೆ, ನೌಕರಿ ಹತ್ತಿದರೂ ಪೇಢೆ, ಹೆಣ್ಣು ಕೊಡುವುದು ಖಾತ್ರಿಯಾದರೂ ಪೇಢೆ. ‘ಪೇಢೆ ಯಾವಾಗ ಕೊಡ್ತೀರಿ?’ ಎಂದು ಯಾರಾದರೂ ಕೇಳಿದರೆ ಅವರು ನಿಮ್ಮ ಸಂತೋಷದಲ್ಲಿ ಪಾಲು ಕೇಳುತ್ತಿದ್ದಾರೆ ಎಂದರ್ಥ. ಹೊರಊರುಗಳಲ್ಲಿ ಇಂದು ಧಾರವಾಡ ಪೇಢೆ ಎಂಬ ಹೆಸರು ಬಲ್ಲವರು ಇಷ್ಟು ಮಂದಿ ಇದ್ದಾರೆಂದರೆ ಅದರಲ್ಲಿ 1933ರಿಂದ ನಡೆದುಬಂದ ಮಿಶ್ರಾ ಪೇಢೆಯ ಪಾಲು ದೊಡ್ಡದು. ಠಾಕೂರರೋ ಮಿಶ್ರಾ ಅವರೋ ಎಂಬ ಪಕ್ಷ ಧಾರವಾಡದ ಮನೆಮನೆಯಲ್ಲಿ ಇದೆ. ನನ್ನದು ಲೈನ್ ಬಜಾರಿನ ಸರದಿಯ ಪಕ್ಷ. ಸರದಿಯಲ್ಲಿ ನಿಂತಾಗ ಹಿಂದಿನವರು ಮುಂದಿನವರು ಮಾತಾಡುತ್ತಾರೆ, ಯಾರ ಮನೆಯಲ್ಲಿ ಏನು ಕಾರ್ಯ ಎಂಬುದು ಪೊಟ್ಟಣ ಕೈಗೆ ಬರುವಷ್ಟರಲ್ಲಿ ತಿಳಿದುಹೋಗುತ್ತದೆ. ಅದೂ ಪೇಢೆಯ ರುಚಿಯಲ್ಲಿ ಸೇರಿದ್ದು.

ಸಿಹಿ ತಿಂದ ಬಾಯಿಗೆ ಚಹಾ ಬೇಕು. ಚಹಾ ಎಂದರೆ ಸುಭಾಸ ರಸ್ತೆ. ಅಲ್ಲಿ ಚಹಾದ ಅಂಗಡಿಗಿಂತ ಚಹಾದ ಮೇಲಿನ ಮಾತು ದೊಡ್ಡದು. ಈ ರಸ್ತೆಯಲ್ಲೇ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. 1933ರಲ್ಲೇ ಹುಟ್ಟಿದ ಸಂಸ್ಥೆ ಅದು. ಪೇಢೆಗೂ ಪುಸ್ತಕಕ್ಕೂ ಒಂದೇ ವರ್ಷ ಶುಭವಾಗಿ ಬಂದದ್ದು ನೆನೆದರೆ ನನಗೆ ಖುಷಿಯಾಗುತ್ತದೆ. ಜಿ. ಬಿ. ಜೋಶಿಯವರು ಆ ಅಟ್ಟದಲ್ಲಿ ಕೂತು ಪುಸ್ತಕ ಅಚ್ಚು ಮಾಡಿಸುತ್ತಿದ್ದರು. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಮುಂತಾದವರು ಮೆಟ್ಟಿಲು ಹತ್ತಿ ಬಂದು ಗಂಟೆಗಟ್ಟಲೆ ಹರಟೆ ಹೊಡೆಯುತ್ತಿದ್ದರು. ಚಹಾ ಇಲ್ಲದೆ ಅಂಥ ಹರಟೆ ನಡೆಯುವುದುಂಟೆ? ಧಾರವಾಡದಲ್ಲಿ ಚಹಾ ಕುಡಿಯುವುದು ಒಬ್ಬನೇ ಮಾಡುವ ಕೆಲಸವಲ್ಲ. ಒಬ್ಬನೇ ನಿಂತು ಕುಡಿಯುತ್ತಿರುವವನನ್ನು ಕಂಡರೆ ಪರಿಚಯದವರು ‘ಯಾಕ್ರಿ, ಆರಾಮದೀರಲ್ಲ?’ ಎಂದು ವಿಚಾರಿಸುತ್ತಾರೆ. ಖಡಕ್ ಚಹಾ ಅರ್ಧರ್ಧ ಮಾಡಿಕೊಂಡು, ಅದು ಮುಗಿದ ಮೇಲೆ ಮಾತು ಮುಗಿದಿಲ್ಲವೆಂದು ಮತ್ತೆ ಅರ್ಧರ್ಧ ತರಿಸಿಕೊಂಡು, ಹೀಗೆ ಮುಂಜಾನೆ ಕರಗುತ್ತದೆ. ಜೂನ್-ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಂತೂ ಅಂಗಡಿಯ ತಗಡಿನ ಕೆಳಗೆ ನಿಂತವರು ಮಳೆ ನಿಲ್ಲಲೆಂದು ಕಾಯುವುದಿಲ್ಲ. ಇನ್ನಷ್ಟು ಬರಲಿ ಎಂದು ಕಾಯುತ್ತಾರೆ.

ಮಧ್ಯಾಹ್ನಕ್ಕೆ ಖಾನಾವಳಿ.

ಖಾನಾವಳಿಯ ಬಗ್ಗೆ ಬರೆಯುವಾಗ ನನಗೆ ಅವಸರ ಮಾಡಲು ಮನಸ್ಸಾಗುವುದಿಲ್ಲ, ಏಕೆಂದರೆ ನಮ್ಮ ನಾಡಿನ ಊಟ ಅದರ ಪೂರ್ತಿ ರೂಪದಲ್ಲಿ ಉಳಿದಿರುವುದು ಅಲ್ಲಿಯೇ. ಬಸಪ್ಪ ಖಾನಾವಳಿಯಂಥ ಹಳೆಯ ಹೆಸರು ಧಾರವಾಡದಲ್ಲಿ ಎಲ್ಲರಿಗೂ ಗೊತ್ತು. ಹೆಸರು ಬೆಳಗದ, ಫಲಕ ಮಾಸಿದ, ಮನೆಯ ಪಡಸಾಲೆಯಲ್ಲೇ ನಡೆಯುವ ಖಾನಾವಳಿಗಳೂ ಓಣಿಗೊಂದು ಸಿಗುತ್ತವೆ. ಒಳಗೆ ಹೋದರೆ ಪಟ್ಟಿ ಕೇಳುವ ಹಾಗಿಲ್ಲ, ಕೂತರೆ ತಾಟು ಬರುತ್ತದೆ. ಜೋಳದ ರೊಟ್ಟಿ, ಎಣ್ಣಿಗಾಯಿ, ಮಡಕಿಕಾಳಿನ ಪಲ್ಯ ಇಲ್ಲವೆ ಜುಣಕ, ಒಂದು ಕಡೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೇಲೆ ಗಟ್ಟಿ ಮೊಸರು. ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಗಜ್ಜರಿ, ಮೆಂತ್ಯ ಸೊಪ್ಪು, ಹಕ್ಕರಿಕಿ ಬೇರೆ. ರೊಟ್ಟಿ ಮುಗಿದ ಮೇಲೆ ಅನ್ನ, ಸಾರು, ಮಜ್ಜಿಗಿ.

ಈ ಕ್ರಮ ಸುಮ್ಮನೆ ಬಂದದ್ದಲ್ಲ. ಧಾರವಾಡ ನಿಂತಿರುವುದು ಎರಡು ಸೀಮೆಗಳ ಅಂಚಿನ ಮೇಲೆ. ಪಡುವಣಕ್ಕೆ ಅಳ್ನಾವರ, ಕಲಘಟಗಿ ಕಡೆ ಹೋದರೆ ಮಳೆ, ಕಾಡು, ಭತ್ತದ ಗದ್ದೆ. ಮೂಡಣಕ್ಕೆ ನವಲಗುಂದದ ಕಡೆ ತಿರುಗಿದರೆ ಕಣ್ಣು ಹರಿಯುವಷ್ಟು ದೂರ ಎರೆಮಣ್ಣು, ಹಿಂಗಾರಿ ಬಿಳಿಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ. ಖಾನಾವಳಿಯ ತಾಟಿನಲ್ಲಿ ಮೊದಲು ಮೂಡಣ ಸೀಮೆ ಉಣ್ಣುತ್ತೇವೆ, ಆಮೇಲೆ ಪಡುವಣ ಸೀಮೆ. ಚಟ್ನಿಯ ಆ ಕೆಂಪು ಬಣ್ಣ ಬ್ಯಾಡಗಿಯದು. ಬ್ಯಾಡಗಿ ಈಗ ಹಾವೇರಿ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆದು ಮೂರಾಗುವ ತನಕ ಅದೂ ಧಾರವಾಡದ್ದೇ ಆಗಿತ್ತು. ಜಿಲ್ಲೆಗಳು ಬೇರೆಯಾದವು, ತಾಟಿನಲ್ಲಿ ಏನೂ ಬೇರೆಯಾಗಲಿಲ್ಲ.

ಅಡಿಗೆಮನೆಯ ಬಾಗಿಲ ಹತ್ತಿರದ ಜಾಗ ಸಿಕ್ಕರೆ ನಾನು ಅಲ್ಲೇ ಕೂಡುತ್ತೇನೆ, ರೊಟ್ಟಿ ಬಡಿಯುವುದು ಕಾಣಲಿ ಎಂದು. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಹಿಟ್ಟು ನಾದಬೇಕು, ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ಹದಕ್ಕೆ ತರಬೇಕು. ಲಟ್ಟಣಿಗೆ ನಡೆಯುವುದಿಲ್ಲ. ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು ಬಲಗೈಯಿಂದ ಬಡಿಯುತ್ತಾರೆ, ಬಡಿತದ ರಭಸಕ್ಕೇ ರೊಟ್ಟಿ ತಾನಾಗಿ ಸುತ್ತು ತಿರುಗುತ್ತದೆ, ಎಡಗೈ ಅಂಚನ್ನು ಕಾಯುತ್ತದೆ. ಟಪ ಟಪ ಟಪ. ಕಾಮನಬಿಲ್ಲಿನಷ್ಟು ನಯವಾದ ಅಂಚು, ಎಲ್ಲೂ ಸೀಳಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ತಿರುವಬೇಕು. ಮುಂಚೆ ತಿರುವಿದರೆ ಹಿಟ್ಟು ಹಂಚಿಗೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಆಮೇಲೆ ಬಟ್ಟೆಯಿಂದ ಅಂಚು ಒತ್ತುತ್ತ ಹೋದರೆ ನಡು ಉಬ್ಬಿ ಎರಡು ಪದರಾಗುತ್ತದೆ. ಆ ಕ್ಷಣದಲ್ಲಿ ರೊಟ್ಟಿ ಹಂಚಿನಿಂದ ತಾಟಿಗೆ ಬಂದರೆ ಅದಕ್ಕೆ ಸಮನಾದ ಊಟ ಇನ್ನೊಂದಿಲ್ಲ. ಮೇಲಿನ ಪದರು ಬಿಚ್ಚಿ ಒಳಗೆ ಬೆಣ್ಣೆ ಸವರಿ ಚಟ್ನಿ ಹಾಕಿಕೊಂಡವರಿಗೆ ನಾನು ಹೇಳುವುದು ಗೊತ್ತಾಗುತ್ತದೆ.

ಬಡಿಸುವ ಹುಡುಗ ಬಂದು ‘ಇನ್ನೊಂದ ಬಿಸಿ ರೊಟ್ಟಿ ಹಾಕ್ಲೇನ್ರಿ?’ ಎಂದು ಕೇಳುತ್ತಾನೆ. ಸಾಕು ಎಂದರೆ ‘ಅರ್ಧಾರ ತಗೊಳ್ರಿ ಕಾಕಾ, ಅರ್ಧಕ್ಕ ಏನಾಗತೈತಿ’ ಎನ್ನುತ್ತಾನೆ. ಆ ಅರ್ಧ ರೊಟ್ಟಿಯ ಒತ್ತಾಯ ಖಾನಾವಳಿಯ ಹೃದಯ. ಎರಡು ಗಂಟೆ ದಾಟಿತೋ, ‘ಬಿಸಿ ಮುಗೀತ್ರಿ, ಖಡಕ್ ಐತಿ’ ಎಂಬ ಮಾತು ಬರುತ್ತದೆ. ಖಡಕ್ ರೊಟ್ಟಿಯೂ ಕಡಿಮೆಯದಲ್ಲ, ತಿಂಗಳು ಇಟ್ಟರೂ ಕೆಡದು. ಅದರ ಮೇಲೆ ಈಗ ಎರಡೂ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಸಂಸಾರ ನಿಂತಿದೆ. ಮನೆಯಲ್ಲಿ ರೊಟ್ಟಿ ಬಡಿದು ಕಟ್ಟು ಕಟ್ಟಾಗಿ ಅಂಗಡಿಗೆ, ಮದುವೆಗೆ, ಪರಊರಿಗೆ ಕೊಡುತ್ತಾರೆ. ಈ ಕೈಗಳಿಗೆ ಸಿಗುವ ದರ ಅವರ ಭುಜದ ನೋವಿಗೆ ಸರಿದೂಗುವುದಿಲ್ಲ ಎಂಬುದು ನನ್ನ ಖಚಿತವಾದ ಮಾತು. ರೊಟ್ಟಿಗೆ ಒಂದೆರಡು ರೂಪಾಯಿ ಹೆಚ್ಚಾಯಿತೆಂದು ಚೌಕಾಸಿ ಮಾಡುವವರು ಒಮ್ಮೆ ಹಂಚಿನ ಮುಂದೆ ಕೂತು ಹತ್ತು ರೊಟ್ಟಿ ಬಡಿದು ನೋಡಬೇಕು.

ಖಾನಾವಳಿಯ ಮಾತು ಬಂದಾಗ ಬುತ್ತಿಯನ್ನು ಮರೆಯಬಾರದು. ಧಾರವಾಡ ಓದುವ ಹುಡುಗರ ಊರು. ಸಪ್ತಾಪುರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರೇ ತುಂಬಿದ್ದಾರೆ. ಎಲ್ಲರಿಗೂ ತಿಂಗಳಿಡೀ ಹೊರಗೆ ಉಣ್ಣುವಷ್ಟು ರೊಕ್ಕ ಎಲ್ಲಿಂದ ಬರಬೇಕು? ಹಳ್ಳಿಯಲ್ಲಿ ಅವ್ವ ನಸುಕಿಗೆ ಎದ್ದು ರೊಟ್ಟಿ ಬಡಿದು, ಪಲ್ಯ ಡಬ್ಬಿಗೆ ಹಾಕಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿಗೆ ಕೊಡುತ್ತಾಳೆ. ಇಲ್ಲಿ ಮಗನೋ ಮಗಳೋ ಬಸ್ ನಿಲ್ದಾಣಕ್ಕೆ ಬಂದು ತಮ್ಮ ಗಂಟು ಗುರುತು ಹಿಡಿದು ಒಯ್ಯುತ್ತಾರೆ, ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಏರಿಸುತ್ತಾರೆ. ಕಂಡಕ್ಟರರು ಎಷ್ಟೋ ವರ್ಷಗಳಿಂದ ಈ ಗಂಟುಗಳನ್ನು ಜೋಪಾನವಾಗಿ ತಂದುಕೊಡುತ್ತಿದ್ದಾರೆ. ನಮ್ಮ ಕಡೆಯ ಎಷ್ಟು ಮಂದಿ ಮಾಸ್ತರರು, ತಹಶೀಲ್ದಾರರು, ಪೊಲೀಸ್ ಅಧಿಕಾರಿಗಳು ಈ ಬಸ್ಸಿನ ಬುತ್ತಿಯ ಮೇಲೆ ಓದಿ ಮುಂದೆ ಬಂದಿದ್ದಾರೋ ಲೆಕ್ಕವಿಟ್ಟವರಿಲ್ಲ. ಬಸ್ ನಿಲ್ದಾಣಕ್ಕೆ ಹೋದವರು ಮುಂಜಾನೆ ಆ ಗಂಟುಗಳ ಸಾಲನ್ನು ಒಮ್ಮೆ ನಿಂತು ನೋಡಬೇಕು. ಧಾರವಾಡದ ದೊಡ್ಡ ಖಾನಾವಳಿ ಅದೇ.

ಧಾರವಾಡದಿಂದ ಹುಬ್ಬಳ್ಳಿಗೆ ಇಳಿಯುವ ದಾರಿಯಲ್ಲಿ ನವಲೂರು ಬರುತ್ತದೆ. ಅಲ್ಲಿಯ ಪೇರಲ ಹಣ್ಣು ಹೆಸರಾದದ್ದು. ಹಂಗಾಮಿನಲ್ಲಿ ರಸ್ತೆಯ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರು ಹಣ್ಣನ್ನು ನಾಲ್ಕು ಹೋಳು ಮಾಡಿ ಉಪ್ಪು-ಖಾರ ಸವರಿ ಕೊಡುತ್ತಾರೆ. ಚಿಗರಿ ಬಸ್ಸಿನ ಗಾಜಿನ ಒಳಗೆ ಕೂತರೆ ಇದು ತಪ್ಪಿಹೋಗುತ್ತದೆ. ಪೇರಲದ ಕಾಲದಲ್ಲಿ ನಾನು ಹಳೆಯ ನಮೂನೆಯ, ಎಲ್ಲ ಕಡೆ ನಿಲ್ಲುವ ಬಸ್ಸನ್ನೇ ಹಿಡಿಯುತ್ತೇನೆ.

ಹುಬ್ಬಳ್ಳಿಯಲ್ಲಿ ಸಂಜೆ ಐದೂವರೆಗೆ ದುರ್ಗದಬೈಲಿನಲ್ಲಿ ದೀಪ ಹತ್ತುತ್ತವೆ. ಸವಣೂರಿನ ನವಾಬ ಮಜೀದಖಾನನ ಅಪ್ಪಣೆ ಪಡೆದು ಬಸಪ್ಪ ಶೆಟ್ಟರ್ ಎಂಬ ವ್ಯಾಪಾರಸ್ಥರು 1727ರಲ್ಲಿ ಹೊಸ ಹುಬ್ಬಳ್ಳಿಯ ಪೇಟೆ ಕಟ್ಟಿದ್ದು ಈ ಕೋಟೆ ಬಯಲಿನ ಸುತ್ತಲೂ. ಕೋಟೆ ಹೋಯಿತು, ಪೇಟೆ ಉಳಿಯಿತು. ಸುತ್ತಲಿನ ಓಣಿಗಳಲ್ಲಿ ಹಗಲೆಲ್ಲ ಸೀರೆ, ಬಂಗಾರ, ಪಾತ್ರೆ, ಕಿರಾಣಿ. ಸಂಜೆಗೆ ಜವಳಿ ಸಾಲಿನಲ್ಲಿ ಮದುವೆಯ ಸೀರೆ ಆರಿಸಿ ಆರಿಸಿ ದಣಿದ ಹೆಣ್ಣುಮಕ್ಕಳು ಚೀಲಗಳೊಂದಿಗೆ ಬಯಲಿಗೆ ಬಂದು ನಿಲ್ಲುತ್ತಾರೆ. ಅಂಗಡಿ ಬಾಗಿಲು ಹಾಕಿದ ಗುಮಾಸ್ತರು, ಕಾಲೇಜಿನ ಹುಡುಗಿಯರು, ಮೊಮ್ಮಕ್ಕಳ ಕೈಹಿಡಿದ ಅಜ್ಜಂದಿರು ಎಲ್ಲರೂ ಬರುತ್ತಾರೆ. ತಳ್ಳುಗಾಡಿಗಳ ಸಾಲಿನಲ್ಲಿ ಪಾವ್‌ಭಾಜಿ, ಪಾನಿಪುರಿ, ಐಸ್‌ಕ್ರೀಮು ಎಲ್ಲ ಇವೆ. ನಾನು ಹೇಳಬೇಕಾದದ್ದು ಗಿರ್ಮಿಟ್-ಮಿರ್ಚಿಯ ಬಗ್ಗೆ.

ಗಿರ್ಮಿಟ್‌ನ ಅರ್ಧ ಕೆಲಸ ಗಾಡಿ ಬಯಲಿಗೆ ಬರುವ ಮುಂಚೆಯೇ ಮುಗಿದಿರುತ್ತದೆ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಬಾಡಿಸಿ, ಸಾಸಿವೆ, ಅರಿಷಿಣ, ಅರೆದ ಹಸಿ ಮೆಣಸಿನಕಾಯಿ, ಹುಣಸಿಹಣ್ಣಿನ ರಸ, ತುಸು ಬೆಲ್ಲ ಹಾಕಿ ಗಟ್ಟಿ ಮಸಾಲೆ ಮಾಡಿ ತಂದಿರುತ್ತಾರೆ. ಗಿರಾಕಿ ಎದುರು ನಿಂತ ಮೇಲೆ ಉಳಿದದ್ದು. ದೊಡ್ಡ ಬೋಗುಣಿಗೆ ಚುರಮರಿ ಸುರಿದು, ಅದರ ಮೇಲೆ ಎರಡು ಚಮಚ ಆ ಮಸಾಲೆ, ಒಂದು ಹಿಡಿ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ. ಕೈಯಾಡಿಸುವುದು ನಾಲ್ಕೇ ಸಲ. ಹೆಚ್ಚು ಕಲಸಿದರೆ ಚುರಮರಿ ಮೆತ್ತಗಾಗುತ್ತದೆ, ಕಡಿಮೆ ಕಲಸಿದರೆ ಹಿಟ್ಟು ಒಣಗಿದ್ದೇ ಉಳಿಯುತ್ತದೆ. ಮೇಲೆ ಸೇವು ಉದುರಿಸಿ ಕೈಗೆ ಕೊಡುತ್ತಾರೆ. ಪಕ್ಕದ ಬಾಣಲೆಯಿಂದ ಮಿರ್ಚಿ. ಉದ್ದನೆಯ, ತಿಳಿ ಹಸಿರಿನ, ಬಲು ಖಾರವಿಲ್ಲದ ಮೆಣಸಿನಕಾಯಿಯನ್ನು ಸೀಳಿ, ಒಳಗೆ ಅಜವಾನ-ಉಪ್ಪು ಸವರಿ, ಕಡಲೆ ಹಿಟ್ಟಿನಲ್ಲಿ ಅದ್ದಿ ಬಿಟ್ಟದ್ದು. ಒಂದು ತುತ್ತು ಗಿರ್ಮಿಟ್, ಒಂದು ಕಡಿತ ಮಿರ್ಚಿ. ಒಂದು ಹುಳಿ-ಸಿಹಿ, ಇನ್ನೊಂದು ಬಿಸಿ-ಖಾರ. ನಡುನಡುವೆ ಹಸಿ ಉಳ್ಳಾಗಡ್ಡಿಯ ಕರುಂ ಕುರುಂ. ಇದಕ್ಕೆ ಇರುವ ಆಯುಷ್ಯ ಐದು ನಿಮಿಷ. ಫೋನಿನಲ್ಲಿ ಹೇಳಿ ಮನೆಗೆ ತರಿಸಿಕೊಂಡ ಗಿರ್ಮಿಟ್ ಮನೆ ಮುಟ್ಟುವ ಹೊತ್ತಿಗೆ ಬೇರೆ ಏನೋ ಆಗಿರುತ್ತದೆ. ಅದನ್ನು ನಿಂತುಕೊಂಡೇ, ಬಯಲಿನಲ್ಲೇ, ಗಾಡಿಯ ಮುಂದೆಯೇ ತಿನ್ನಬೇಕು. ಎಣ್ಣೆಯಲ್ಲಿ ಒಮ್ಮೆ ಕರಿದ ಮಿರ್ಚಿಯನ್ನು ತುಂಡು ಮಾಡಿ ಮತ್ತೆ ಕರಿದು ಗರಿಗರಿ ಮಾಡುವ ಕಟ್ ಮಿರ್ಚಿಯೂ ಸಿಗುತ್ತದೆ. ಹಲ್ಲು ಗಟ್ಟಿ ಇದ್ದವರಿಗೆ ಅದು ಮತ್ತೂ ಚಲೋ.

ಯಾವ ಗಾಡಿ ಎಂದು ಕೇಳಬೇಡಿ. ಹುಬ್ಬಳ್ಳಿಯಲ್ಲಿ ಪ್ರತಿ ಮನೆಗೂ ತನ್ನದೊಂದು ಗಾಡಿ ಇದೆ, ಅದನ್ನು ಅಪ್ಪನಿಂದ ಮಗ ಪಡೆಯುತ್ತಾನೆ. ನಾನು ನೋಡುವುದು ಎರಡು ಸಂಗತಿ: ಎಣ್ಣೆಯ ಬಣ್ಣ ಮತ್ತು ಮುಂದೆ ನಿಂತ ಹೆಣ್ಣುಮಕ್ಕಳ ಸಂಖ್ಯೆ. ಮನೆಯಲ್ಲಿ ಅಡಿಗೆ ಮಾಡುವವರು ಹೊರಗೆ ನಿಂತು ತಿನ್ನುತ್ತಿದ್ದರೆ ಅಲ್ಲಿ ಮೋಸವಿಲ್ಲ.

ಈ ಗಾಡಿಗಳವರ ವಿಷಯದಲ್ಲಿ ನನಗೆ ಒಂದು ಕಳಕಳಿ ಇದೆ. ರಸ್ತೆ ಅಗಲ ಮಾಡುವಾಗ, ಊರು ಚಂದ ಮಾಡುವಾಗ ಮೊದಲು ಎತ್ತಂಗಡಿಯಾಗುವವರು ಇವರು. ಬೀದಿಬದಿಯ ವ್ಯಾಪಾರಿಗಳ ಜೀವನೋಪಾಯ ಕಾಯುವ ಕಾಯ್ದೆ 2014ರಲ್ಲೇ ಬಂದಿದೆ. ಅವರ ಸಮೀಕ್ಷೆ ಆಗಬೇಕು, ಗುರುತಿನ ಪತ್ರ ಕೊಡಬೇಕು, ಜಾಗ ಗುರುತಿಸಬೇಕು, ಆ ತೀರ್ಮಾನಗಳಲ್ಲಿ ಅವರ ಪ್ರತಿನಿಧಿಗಳೂ ಕೂಡಬೇಕು ಎಂದು ಅದರಲ್ಲಿ ಇದೆ. ದುರ್ಗದಬೈಲಿನಂಥ ಜಾಗಕ್ಕೆ ಬೇಕಾದದ್ದು ನಲ್ಲಿಯ ಸ್ವಚ್ಛ ನೀರು, ಕಸದ ವ್ಯವಸ್ಥೆ, ಒಳ್ಳೆಯ ಬೆಳಕು, ಹೆಣ್ಣುಮಕ್ಕಳಿಗೆ ಶೌಚಾಲಯ. ಇಷ್ಟು ಮಾಡಿದರೆ ಸಾಕು, ಉಳಿದದ್ದನ್ನು ಗಾಡಿಯವರು ನಮಗಿಂತ ಚಲೋ ಬಲ್ಲರು.

ಕುಡಿಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸಿಗೆಯಲ್ಲಿ ಕಬ್ಬಿನ ಹಾಲು, ಲಿಂಬೆ-ಶುಂಠಿ ಹಿಂಡಿ ಗಾಣ ಹಾಕಿದ್ದು, ಬರ್ಫ ಬೇಡ ಎಂದು ಮೊದಲೇ ಹೇಳಿ. ಮಿರ್ಚಿ ತಿಂದು ಬಾಯಿ ಉರಿದರೆ ಸೋಡಾ. ರಾತ್ರಿ ರೈಲು ಇಳಿದು ಬಂದವರಿಗೆ ಸ್ಟೇಶನ್ ರಸ್ತೆಯಲ್ಲಿ ಚಹಾ. ಹುಬ್ಬಳ್ಳಿಯ ಒಂದು ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ, ಜಗತ್ತಿನಲ್ಲೇ ದೊಡ್ಡದು ಎಂದು 2023ರಲ್ಲಿ ಉದ್ಘಾಟನೆಯಾಯಿತು. ಅದರ ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಗೆ ನಡೆದವರಿಗೆ ಚಹಾ ಹಕ್ಕಿನದು. ಇನ್ನು ಕೈಯಲ್ಲಿ ರೊಕ್ಕ ಇಲ್ಲದವರು ಸಿದ್ಧಾರೂಢರ ಮಠಕ್ಕೆ ಹೋಗುತ್ತಾರೆ, ಇದ್ದವರೂ ಹೋಗುತ್ತಾರೆ. 1929ರಲ್ಲಿ ಅಜ್ಜನವರು ದೇಹ ಬಿಟ್ಟರೂ ಅಲ್ಲಿಯ ದಾಸೋಹದ ಒಲೆ ಆರಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರು ಯಾರೆಂದು ಯಾರೂ ಕೇಳುವುದಿಲ್ಲ.

ರಾತ್ರಿ ಎಂಟು ದಾಟಿದ ಮೇಲೆ ಸಾವಜಿ. ಮಾಂಸ ತಿನ್ನದವರು ಈ ಭಾಗ ಬಿಟ್ಟು ಓದಬಹುದು, ಆದರೆ ಹುಬ್ಬಳ್ಳಿಯ ಬಗ್ಗೆ ಬರೆದು ಸಾವಜಿಯನ್ನು ಬಿಟ್ಟರೆ ಅರ್ಧ ಊರನ್ನೇ ಬಿಟ್ಟ ಹಾಗೆ. ಇದು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡಿಗೆ. ಎಸ್‌ಎಸ್‌ಕೆ ಎಂದು ಕರೆಯುತ್ತೇವೆ, ಪಟೇಗಾರರು ಎಂದೂ ಹೇಳುತ್ತೇವೆ. ಪರಂಪರೆಯಿಂದ ರೇಷ್ಮೆ ನೇಯ್ಗೆಯವರು. ನಾಗಪುರದಲ್ಲಿಯೂ ಸಾವಜಿ ಹೆಸರಿನ ಖಾರದ ಅಡಿಗೆ ಇದೆ, ಅದೂ ಅಲ್ಲಿಯ ನೇಕಾರರದ್ದೇ. ದಿನವಿಡೀ ಮಗ್ಗದ ಮುಂದೆ ಕೂತವರಿಗೆ ರಾತ್ರಿ ಇಂಥ ಊಟವೇ ಬೇಕೆನಿಸಿರಬೇಕು ಎಂದು ನಾನು ಊಹಿಸಿಕೊಂಡಿದ್ದೇನೆ. ಹುಬ್ಬಳ್ಳಿಯಲ್ಲಿ ಮನೆಯ ಹೆಂಗಸರೇ ಮಸಾಲೆ ಹುರಿದು ಕುಟ್ಟಿ, ಮನೆಯ ಗಂಡಸರೇ ಬಡಿಸುವ ಸಾವಜಿ ಖಾನಾವಳಿಗಳು ಇಂದಿಗೂ ಇವೆ. ಗೋಡೆಯ ಮೇಲೆ ದೇವಿಯ ಪಟ, ನಾಲ್ಕು ಮೇಜು, ಒಳಗಿನಿಂದ ಒಣಕೊಬ್ಬರಿ, ಗಸಗಸೆ, ಲವಂಗ ಹುರಿದ ವಾಸನೆ.

ತಾಟು ಬಂದಾಗ ಮೊದಲು ಕಾಣುವುದು ಎಣ್ಣೆ. ಕೆಂಪು ಎಣ್ಣೆಯ ಪದರಿನ ಕೆಳಗೆ ಕರಿಗೆಂಪು ಸಾರು. ಹೊಸಬರು ಅದನ್ನು ನೋಡಿ ಹೆದರುತ್ತಾರೆ. ಅದರ ಖಾರ ನಾಲಿಗೆಗೆ ಹೊಡೆಯುವುದಿಲ್ಲ. ನಿಧಾನವಾಗಿ ಏರುತ್ತದೆ, ಕಿವಿಯ ಹಿಂದೆ ಬೆವರು ಬರುತ್ತದೆ, ಅಷ್ಟರಲ್ಲಿ ಇನ್ನೊಂದು ತುತ್ತು ಒಳಗೆ ಹೋಗಿರುತ್ತದೆ. ಮಟನ್ ಸಾರು, ಒಣಾ ಮಟನ್, ಖೀಮಾ ಉಂಡಿ. ನೀವು ಒಂದನ್ನೇ ಆರಿಸಬೇಕಾದರೆ ಖೀಮಾ ಉಂಡಿ ಆರಿಸಿ. ಚಪಾತಿ ಸಿಗುತ್ತದೆ, ಅನ್ನವೂ ಸಿಗುತ್ತದೆ. ನಾನು ಹೇಳುವುದು ಜೋಳದ ರೊಟ್ಟಿ. ಸಾರಿನ ಆ ಖಾರವನ್ನು ಹೊತ್ತು ನಿಲ್ಲುವ ಶಕ್ತಿ ಜೋಳಕ್ಕೆ ಮಾತ್ರ ಇದೆ. ಗೆಳೆಯರಲ್ಲಿ ಕೆಲವರು ಸಾರಿನಲ್ಲಿ ಖಡಕ್ ರೊಟ್ಟಿ ಮುರಿದು ನೆನೆಸಿ ಮುದ್ದೆ ಮಾಡಿಕೊಂಡು ಉಣ್ಣುತ್ತಾರೆ, ಅದನ್ನೂ ಒಮ್ಮೆ ಮಾಡಿ ನೋಡಿ. ಲಿಂಬೆ ಹಿಂಡುವುದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಹಿಂಡಿದರೆ ಮಸಾಲೆಯ ವಾಸನೆ ಮುಚ್ಚಿಹೋಗುತ್ತದೆ. ಖಾರ ತಡೆಯದಿದ್ದರೆ ನೀರು ಕುಡಿಯಬೇಡಿ, ಮೊಸರು ಕೇಳಿ. ಕೇಳಲಿಕ್ಕೆ ಸಂಕೋಚ ಬೇಡ, ಪಕ್ಕದ ಮೇಜಿನ ಹುಬ್ಬಳ್ಳಿಯವರೂ ತರಿಸಿಕೊಂಡಿರುತ್ತಾರೆ.